ಮೃದುವೂ ಅಲ್ಲ, ಅಸ್ಥಿಯೂ ಅಲ್ಲ: ಶಾರ್ಕಿನ ದವಡೆಯ ಒಳಗುಟ್ಟು

ಪ್ರಶ್ನೆ: ಶಾರ್ಕ್ ಮೀನಿನ ಮೈಯಲ್ಲಿ ಮೂಳೆಯೇ ಇಲ್ಲ, ಅದರ ಅಸ್ಥಿಪಂಜರವೆಲ್ಲ ಮೃದ್ವಸ್ಥಿಯಿಂದಾದದ್ದು ಎಂದು ಶಾಲೆಯಲ್ಲಿ ಓದಿದ್ದೆ. ನಮ್ಮ ಹೊರಕಿವಿಯಲ್ಲೂ ಮೂಗಿನ ತುದಿಯಲ್ಲೂ ಇರುವುದು ಅದೇ ತಾನೆ? ಆದರೆ ಈಚೆಗೆ ವಸ್ತುಸಂಗ್ರಹಾಲಯವೊಂದರಲ್ಲಿ ಒಣಗಿಸಿಟ್ಟ ಶಾರ್ಕ್ ದವಡೆಯೊಂದನ್ನು ನೋಡಿದೆ. ಅದು ಬೆಳ್ಳಗೆ, ಬಿರುಸಾಗಿ, ಥೇಟ್ ಮೂಳೆಯ ಹಾಗೆಯೇ ಇತ್ತು. ಅದರಲ್ಲಿ ಕ್ಯಾಲ್ಸಿಯಂ ಇದೆ ಎಂದು ಅಲ್ಲಿನ ಫಲಕದಲ್ಲಿ ಬರೆದಿತ್ತು. ಕ್ಯಾಲ್ಸಿಯಂ ಇದ್ದ ಮೇಲೆ ಅದನ್ನು ಮೂಳೆ ಎಂದು ಏಕೆ ಕರೆಯಬಾರದು? ಮೂಳೆ ಹುಟ್ಟಿಕೊಳ್ಳುವುದಕ್ಕೂ ಮುಂಚಿನ ಮೀನುಗಳು ಇವು ಎನ್ನುವುದು ನಿಜವೇ?

ಉತ್ತರ: ನಿಮ್ಮ ಗೊಂದಲಕ್ಕೆ ಅರ್ಧ ಕಾರಣ ನಮ್ಮ ಪಾರಿಭಾಷಿಕ ಪದವೇ ಎನ್ನಬೇಕು. ಮೃದು ಮತ್ತು ಅಸ್ಥಿ ಎಂಬ ಎರಡು ಪದಗಳನ್ನು ಕೂಡಿಸಿ ಮೃದ್ವಸ್ಥಿ ಎಂದು ಮಾಡಿಕೊಂಡಿದ್ದೇವೆ. ನಮ್ಮ ಕಿವಿಯ ಮಟ್ಟಿಗೆ ಅದರ ಮೊದಲರ್ಧವಾದರೂ ಸರಿ. ಬೆಳೆದ ಶಾರ್ಕಿನ ದವಡೆಗೆ ಅದೇ ಪದವನ್ನು ಅನ್ವಯಿಸಿದಾಗ ಎರಡು ಅರ್ಧಗಳೂ ತಪ್ಪುತ್ತವೆ: ಅದು ಮೃದುವೂ ಅಲ್ಲ, ಅಸ್ಥಿಯೂ ಅಲ್ಲ. ಬೇರೆ ಪದ ಬಳಕೆಯಲ್ಲಿ ಇಲ್ಲದ ಕಾರಣ ನಾನೂ ಇಲ್ಲಿ ಅದನ್ನೇ ಬಳಸುತ್ತೇನೆ. ಪದ ಬಿಡಿಸಿದಾಗ ಬರುವ ಅರ್ಥವನ್ನು ಮಾತ್ರ ಸ್ವಲ್ಪ ಹೊತ್ತು ಬದಿಗಿಟ್ಟು ಓದಬೇಕೆಂದು ಕೋರುತ್ತೇನೆ.

ಮೊದಲು ಕ್ಯಾಲ್ಸಿಯಂ ವಿಚಾರ. ಮೂಳೆಯನ್ನು ಮೂಳೆಯಾಗಿಸುವುದು ಕ್ಯಾಲ್ಸಿಯಂ ಎಂಬ ತಿಳಿವಳಿಕೆ ಬಹಳ ಜನರಲ್ಲಿದೆ, ಆದರೆ ಅದು ಸರಿಯಲ್ಲ. ನಮ್ಮ ಮೂಳೆಯಲ್ಲಿರುವ ಖನಿಜ ಹೈಡ್ರಾಕ್ಸಿಅಪಟೈಟ್ ಎಂಬ ಬಗೆಯ ಕ್ಯಾಲ್ಸಿಯಂ ಫಾಸ್ಫೇಟ್. ಶಾರ್ಕಿನ ಮೃದ್ವಸ್ಥಿಯಲ್ಲಿರುವುದೂ ಅದೇ. ನಮ್ಮ ಹಲ್ಲಿನಲ್ಲಿರುವುದೂ ಅದೇ, ಆದರೆ ಹಲ್ಲನ್ನು ಯಾರೂ ಮೂಳೆ ಎಂದು ಕರೆಯುವುದಿಲ್ಲ. ಒಂದು ಅಂಗಾಂಶಕ್ಕೆ ಹೆಸರಿಡುವಾಗ ಜೀವವಿಜ್ಞಾನಿಗಳು ನೋಡುವುದು ಅದರಲ್ಲಿ ಯಾವ ಖನಿಜ ಇದೆ ಎಂಬುದನ್ನಲ್ಲ. ಆ ಖನಿಜ ಯಾವ ಹಂದರದ ಮೇಲೆ ಕೂತಿದೆ, ಆ ಹಂದರವನ್ನು ಯಾವ ಜೀವಕೋಶಗಳು ಕಟ್ಟಿದವು, ಕಟ್ಟಿದ ಮೇಲೆ ಅವು ಅದನ್ನು ಹೇಗೆ ನೋಡಿಕೊಳ್ಳುತ್ತವೆ ಎಂಬುದನ್ನು.

ಮೂಳೆಯ ಹಂದರ ಬಹುಪಾಲು ಒಂದನೇ ಬಗೆಯ ಕೊಲಾಜೆನ್ ಎಂಬ ಪ್ರೋಟೀನಿನ ನಾರು. ಅದರೊಳಗೆ ರಕ್ತನಾಳಗಳು ಹಾದುಹೋಗುತ್ತವೆ. ಮೂಳೆಯನ್ನು ಕಟ್ಟುವ ಕೋಶಗಳೂ ಅದನ್ನು ಕರಗಿಸುವ ಕೋಶಗಳೂ ಜೀವಮಾನವಿಡೀ ಕೆಲಸ ಮಾಡುತ್ತಲೇ ಇರುತ್ತವೆ, ಆದ್ದರಿಂದ ಮೂಳೆ ಸದಾ ರಿಪೇರಿಯಲ್ಲಿರುವ ಮನೆಯ ಹಾಗೆ. ಮೃದ್ವಸ್ಥಿಯ ಕಟ್ಟೋಣವೇ ಬೇರೆ. ಅಲ್ಲಿನ ನಾರು ಎರಡನೇ ಬಗೆಯ ಕೊಲಾಜೆನ್. ಆ ನಾರುಗಳ ನಡುವೆ ಪ್ರೋಟಿಯೋಗ್ಲೈಕನ್ ಎಂಬ, ನೀರನ್ನು ಹೀರಿ ಉಬ್ಬುವ ದೊಡ್ಡ ಅಣುಗಳು ತುಂಬಿರುತ್ತವೆ. ಮೃದ್ವಸ್ಥಿಯ ತೂಕದಲ್ಲಿ ಹೆಚ್ಚಿನ ಪಾಲು ನೀರೇ. ಅದರೊಳಗೆ ಸಾಮಾನ್ಯವಾಗಿ ರಕ್ತನಾಳಗಳಿಲ್ಲ. ಕೋಶಗಳಿಗೆ ಬೇಕಾದ ಪೋಷಣೆ ಆ ನೀರಿನ ಮೂಲಕವೇ ಮೆಲ್ಲಗೆ ಒಸರಿಕೊಂಡು ಬರಬೇಕು. ನಿಮ್ಮ ಹೊರಕಿವಿಯ ಮೇಲ್ಭಾಗವನ್ನು ಮಡಿಸಿ ಬಿಟ್ಟರೆ ಅದು ತಟ್ಟನೆ ಮೊದಲಿನ ಆಕಾರಕ್ಕೆ ಮರಳುವುದು ಇಂಥ ಕಟ್ಟೋಣದ ದೆಸೆಯಿಂದಲೇ.

ಈಗ ಶಾರ್ಕಿನ ದವಡೆಗೆ ಬರೋಣ. ಹಸಿಯಾಗಿರುವ ದವಡೆಯೊಂದನ್ನು ಅಡ್ಡಲಾಗಿ ಕೊಯ್ದರೆ ಒಳಭಾಗ ಅರೆಪಾರದರ್ಶಕವಾದ, ನೀಲಿ ಛಾಯೆಯ ಬಿಳಿ ಗಟ್ಟಿಗಂಜಿಯ ಹಾಗೆ ಕಾಣುತ್ತದೆ. ಅದು ಖನಿಜವಿಲ್ಲದ, ನಮ್ಮ ಮೃದ್ವಸ್ಥಿಯನ್ನೇ ಹೋಲುವ ತಿರುಳು. ಆದರೆ ಚಾಕು ಆ ತಿರುಳನ್ನು ಮುಟ್ಟುವ ಮೊದಲು ಮೇಲ್ಮೈಯಲ್ಲಿ ಕರಕರ ಎಂದು ಸದ್ದು ಮಾಡುತ್ತದೆ, ಮರಳು ಮೆತ್ತಿದ ಬಟ್ಟೆಯನ್ನು ಕತ್ತರಿಸಿದ ಹಾಗೆ. ಹಾಗೆ ಸದ್ದು ಮಾಡುವ ಪದರವೇ ನಿಮ್ಮ ಪ್ರಶ್ನೆಯ ವಸ್ತು. ದವಡೆ, ತಲೆಬುರುಡೆ, ಕಿವಿರಿನ ಕಮಾನುಗಳು, ಈಜುರೆಕ್ಕೆಯ ಆಧಾರಗಳು, ಹೀಗೆ ಬೆನ್ನಿನ ಮಣಿಗಳನ್ನು ಬಿಟ್ಟು ಹೆಚ್ಚುಕಡಿಮೆ ಇಡೀ ಅಸ್ಥಿಪಂಜರದ ಮೇಲೆ ಇಂಥ ಪದರವೊಂದು ಹೊದಿಸಿದಂತಿರುತ್ತದೆ. ಅದು ಒಂದೇ ಹಾಳೆಯಲ್ಲ, ಸಾವಿರಾರು ಸಣ್ಣ ಬಿಲ್ಲೆಗಳು ಅಂಚಿಗೆ ಅಂಚು ತಾಗಿಸಿ ಕೂತ ನೆಲಹಾಸು. ಮೊಸಾಯಿಕ್ ಚಿತ್ರದ ಒಂದೊಂದು ಹರಳಿಗೆ ಲ್ಯಾಟಿನ್ ಭಾಷೆಯಲ್ಲಿ ಟೆಸೆರಾ ಎನ್ನುತ್ತಾರೆ. ಅಂಗರಚನಾ ಶಾಸ್ತ್ರದಲ್ಲೂ ಈ ಬಿಲ್ಲೆಗಳಿಗೆ ಅದೇ ಹೆಸರು ನಿಂತಿದೆ.

ಒಂದೊಂದು ಬಿಲ್ಲೆ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಕಿರಿದು. ಚಿಕ್ಕ ಜಾತಿಗಳಲ್ಲಿ ಅರ್ಧ ಮಿಲಿಮೀಟರಿನ ಒಳಗೇ ಇರುತ್ತದೆ. ಮೇಲಿನಿಂದ ನೋಡಿದರೆ ಐದಾರು ಮೂಲೆಗಳ ಆಕಾರ, ಹೆಚ್ಚಿನವು ಷಟ್ಕೋನಕ್ಕೆ ಹತ್ತಿರ, ಆದರೆ ಜೇನುಗೂಡಿನಷ್ಟು ಕಟ್ಟುನಿಟ್ಟಲ್ಲ. ಅಕ್ಕಪಕ್ಕದ ಬಿಲ್ಲೆಗಳು ಒಂದಕ್ಕೊಂದು ಬೆಸೆದುಕೊಂಡಿರುವುದಿಲ್ಲ. ಅವುಗಳ ನಡುವಿನ ಸಣ್ಣ ಸಂದುಗಳಲ್ಲಿ ಕೊಲಾಜೆನ್ ನಾರುಗಳು ಹೊಲಿಗೆಯ ಹಾಗೆ ಒಂದನ್ನು ಇನ್ನೊಂದಕ್ಕೆ ಬಿಗಿದಿರುತ್ತವೆ. ಬಿಲ್ಲೆಗಳ ಹಾಸಿನ ಮೇಲೆ ನಾರಿನ ಒಂದು ಪೊರೆ, ಕೆಳಗೆ ಖನಿಜವಿಲ್ಲದ ತಿರುಳು. ಪೊರೆಯ ಕಡೆಗಿರುವ ಮೇಲ್ಭಾಗ ಮತ್ತು ತಿರುಳಿನ ಕಡೆಗಿರುವ ಕೆಳಭಾಗ ಒಂದೇ ತೆರನಲ್ಲ. ಮೇಲ್ಭಾಗದಲ್ಲಿ ಪೊರೆಯಿಂದ ಬಂದ ನಾರುಗಳು ಸೇರಿಕೊಂಡು ಹರಳುಗಳು ಪಟ್ಟಕದ ಹಾಗೆ ಜೋಡಣೆಗೊಂಡಿರುತ್ತವೆ. ಕೆಳಭಾಗದಲ್ಲಿ ಖನಿಜ ಸಣ್ಣ ಗುಂಡುಗಳಾಗಿ ಶೇಖರವಾಗಿ, ಕ್ರಮೇಣ ಒಂದಕ್ಕೊಂದು ಕೂಡಿಕೊಂಡಿರುತ್ತದೆ.

ಬಿಲ್ಲೆಯ ಒಳಗನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮತ್ತು ಸೂಕ್ಷ್ಮ ಸಿಟಿ ಸ್ಕ್ಯಾನಿನಲ್ಲಿ ನೋಡಲು ಸಾಧ್ಯವಾದ ಮೇಲೆ ಇನ್ನೂ ಎರಡು ಸಂಗತಿಗಳು ಖಚಿತವಾದವು. ಮೊದಲನೆಯದು, ಈ ಬಿಲ್ಲೆ ನಿರ್ಜೀವ ಸುಣ್ಣದ ತುಂಡಲ್ಲ. ಅದರೊಳಗೆ ಸಣ್ಣ ಸಣ್ಣ ಗೂಡುಗಳಿವೆ, ಗೂಡುಗಳಲ್ಲಿ ಮೃದ್ವಸ್ಥಿ ಕೋಶಗಳಿವೆ, ಸುತ್ತಲೂ ಖನಿಜ ತುಂಬಿಕೊಂಡ ಮೇಲೂ ಅವು ಸಾಯದೆ ಉಳಿಯುತ್ತವೆ. ಗೂಡಿನಿಂದ ಗೂಡಿಗೆ ಕಿರಿದಾದ ಹಾದಿಗಳಿದ್ದು ಪೋಷಣೆ ಅವುಗಳ ಮೂಲಕ ಸಾಗುತ್ತದೆ. ಎರಡನೆಯದು, ಬಿಲ್ಲೆಯ ನಡುವಿನಿಂದ ಅಂಚುಗಳ ಕಡೆಗೆ ಗಾಡಿ ಚಕ್ರದ ಅರಗಳ ಹಾಗೆ ಚಾಚಿದ, ಉಳಿದ ಭಾಗಕ್ಕಿಂತ ಹೆಚ್ಚು ಖನಿಜ ತುಂಬಿದ ಪಟ್ಟಿಗಳಿವೆ. ಒಂದು ಬಿಲ್ಲೆ ತನ್ನ ನೆರೆಯ ಬಿಲ್ಲೆಗೆ ತಾಗುವ ಜಾಗ ಎಲ್ಲೆಲ್ಲಿದೆಯೋ ಅಲ್ಲಲ್ಲಿಗೇ ಈ ಅರಗಳು ಬಂದು ಮುಟ್ಟುತ್ತವೆ. ಒತ್ತಡ ಎಲ್ಲಿ ಬೀಳುತ್ತದೆಯೋ ಅಲ್ಲಿಯೇ ಅತಿ ಗಟ್ಟಿ ವಸ್ತು ಕೂತಿರುವ ಈ ಏರ್ಪಾಡನ್ನು ನೋಡಿದಾಗ, ಅಂಗರಚನೆಯನ್ನು ಹಲವು ವರ್ಷ ಕಲಿತವರಿಗೂ ಒಂದು ಕ್ಷಣ ಸುಮ್ಮನೆ ನೋಡುತ್ತಿರೋಣ ಅನ್ನಿಸುತ್ತದೆ.

ಬಿಲ್ಲೆಗಳ ನಡುವೆ ಸಂದು ಏಕೆ ಬೇಕು, ಒಂದೇ ಚಿಪ್ಪಾಗಿದ್ದರೆ ಇನ್ನೂ ಗಟ್ಟಿಯಾಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಬೆಳವಣಿಗೆಯಲ್ಲಿದೆ. ನಮ್ಮ ತೊಡೆಯ ಮೂಳೆ ಭ್ರೂಣದಲ್ಲಿ ಮೊದಲು ಮೃದ್ವಸ್ಥಿಯ ಅಚ್ಚಾಗಿ ಹುಟ್ಟುತ್ತದೆ. ಆ ಅಚ್ಚಿನ ಕೋಶಗಳು ಉಬ್ಬುತ್ತವೆ, ಸುತ್ತಲೂ ಖನಿಜ ಸೇರುತ್ತದೆ, ಬಳಿಕ ಆ ಕೋಶಗಳಲ್ಲಿ ಹೆಚ್ಚಿನವು ಅಳಿದು ರಕ್ತನಾಳಗಳು ಒಳನುಗ್ಗಿ ಅಲ್ಲಿ ಮೂಳೆ ಕಟ್ಟಲ್ಪಡುತ್ತದೆ. ಎಂದರೆ ನಮ್ಮ ಮೈಯಲ್ಲೂ ಖನಿಜ ತುಂಬಿದ ಮೃದ್ವಸ್ಥಿ ಹುಟ್ಟುತ್ತದೆ, ಆದರೆ ಅದು ಬಹುಮಟ್ಟಿಗೆ ಮನೆ ಕಟ್ಟುವಾಗ ಹಾಕಿ ಆಮೇಲೆ ಬಿಚ್ಚುವ ಸಾರುವೆಯ ಹಾಗೆ. ಕೀಲುಗಳ ತುದಿಯಲ್ಲಿ ಒಂದು ತೆಳುಪದರವಾಗಿ ಮಾತ್ರ ಅದು ಕೊನೆಯವರೆಗೆ ಉಳಿಯುತ್ತದೆ. ಶಾರ್ಕಿನಲ್ಲಿ ಸಾರುವೆಯೇ ಮನೆ. ಅಲ್ಲಿ ಮೃದ್ವಸ್ಥಿಯನ್ನು ತೆಗೆದುಹಾಕಿ ಮೂಳೆಯನ್ನು ತುಂಬುವ ಹಂತವೇ ಬರುವುದಿಲ್ಲ. ಹಾಗಿರುವಾಗ ತಿರುಳು ಒಳಗಿನಿಂದ ಹಿಗ್ಗುತ್ತ ಹೋದಂತೆ ಮೇಲಿನ ಚಿಪ್ಪೂ ಹಿಗ್ಗಬೇಕು. ಒಂದೇ ತುಂಡಾದ ಗಟ್ಟಿ ಚಿಪ್ಪನ್ನು ಹಿಗ್ಗಿಸಬೇಕಾದರೆ ಅದನ್ನು ಒಳಗಡೆಯಿಂದ ಕರಗಿಸುತ್ತ ಹೊರಗಡೆಯಿಂದ ಕಟ್ಟುತ್ತ ಹೋಗಬೇಕು. ಮೂಳೆ ಮಾಡುವುದು ಅದನ್ನೇ. ಶಾರ್ಕಿನ ಮೃದ್ವಸ್ಥಿಯಲ್ಲಿ ಅಂಥ ಕರಗಿಸುವ ಕೆಲಸ ನಡೆಯುವುದು ಕಾಣುವುದಿಲ್ಲ. ಬದಲಿಗೆ ಪ್ರತಿಯೊಂದು ಬಿಲ್ಲೆಯೂ ತನ್ನ ಅಂಚುಗಳಿಗೆ ಹೊಸ ಖನಿಜವನ್ನು ಸೇರಿಸಿಕೊಳ್ಳುತ್ತ ತಿರುಳಿನ ಹಿಗ್ಗಿಗೆ ಸರಿದೂಗಿಸುತ್ತದೆ; ಸಂದು ಉಳಿದಿರುವವರೆಗೆ ಬೆಳವಣಿಗೆಗೆ ಎಡೆ ಉಳಿದಿರುತ್ತದೆ. ಮರಿಯ ಭ್ರೂಣದಲ್ಲಿ ಈ ಬಿಲ್ಲೆಗಳು ಪೊರೆಯ ಕೆಳಗೆ ದೂರ ದೂರವಾಗಿ ಚದುರಿದ ಚುಕ್ಕೆಗಳಾಗಿ ಶುರುವಾಗಿ, ಕ್ರಮೇಣ ಅಗಲವಾಗುತ್ತ ಹೋಗಿ ಒಂದನ್ನೊಂದು ಮುಟ್ಟುತ್ತವೆ.

ಇನ್ನು ಬಲದ ವಿಚಾರ. ಬಾಗಿಸುವ ಒತ್ತಡಕ್ಕೆ ಸಿಕ್ಕಿದ ಯಾವುದೇ ಕೋಲಿನಲ್ಲಿ ಹೆಚ್ಚಿನ ಶ್ರಮ ಬೀಳುವುದು ಮೇಲ್ಮೈಗೆ, ನಡುಭಾಗಕ್ಕಲ್ಲ. ಒಳಗೆ ಪೊಳ್ಳಾದ ಬಿದಿರು ಅಷ್ಟು ಗಟ್ಟಿಯಾಗಿರುವುದು ಇದೇ ಕಾರಣಕ್ಕೆ. ಶಾರ್ಕಿನ ದವಡೆಯಲ್ಲಿಯೂ ಗಟ್ಟಿವಸ್ತು ಮೇಲ್ಮೈಯಲ್ಲೇ ಇದೆ. ನಡುವಿನ ತಿರುಳು ಪೊಳ್ಳಲ್ಲದಿದ್ದರೂ ಹಗುರ. ಒತ್ತುವ ಬದಿಯಲ್ಲಿ ಬಿಲ್ಲೆಗಳು ಅಂಚಿಗೆ ಅಂಚು ಒತ್ತಿಕೊಂಡು ಗೋಡೆಯ ಹಾಗೆ ನಿಲ್ಲುತ್ತವೆ, ಎಳೆಯುವ ಬದಿಯಲ್ಲಿ ಸಂದಿನ ನಾರುಗಳು ಹಗ್ಗದ ಹಾಗೆ ಬಿಗಿಯುತ್ತವೆ. ಹೀಗೆ ಒಂದೇ ಪದರ ಎರಡು ಬಗೆಯ ಬಲಗಳಿಗೆ ಎರಡು ಬಗೆಯಲ್ಲಿ ಉತ್ತರ ಕೊಡುತ್ತದೆ. ಸಾಮಾನ್ಯವಾಗಿ ಬಿಲ್ಲೆಗಳ ಒಂದೇ ಪದರವಿರುತ್ತದೆ; ಆದರೆ ದೊಡ್ಡ ಬಿಳಿ ಶಾರ್ಕಿನಂಥ ಭಾರಿ ಬೇಟೆಗಾರ ಶಾರ್ಕುಗಳ ದವಡೆಯಲ್ಲಿ, ಒತ್ತಡ ಹೆಚ್ಚು ಬೀಳುವ ಕಡೆ, ಪದರದ ಮೇಲೆ ಪದರವಾಗಿ ಹಲವು ಹಾಸುಗಳು ಸಿಗುತ್ತವೆ. 2008ರಲ್ಲಿ ಪ್ರಕಟವಾದ ಕಂಪ್ಯೂಟರ್ ಮಾದರಿಯ ಅಧ್ಯಯನವೊಂದು 6.4 ಮೀಟರ್ ಉದ್ದದ ದೊಡ್ಡ ಬಿಳಿ ಶಾರ್ಕಿನ ಕಡಿತದ ಬಲ ಸುಮಾರು 18,000 ನ್ಯೂಟನ್‌ವರೆಗೆ ಹೋಗಬಹುದೆಂದು ಅಂದಾಜು ಮಾಡಿತು. ಅದೇ ಮಾದರಿಯಲ್ಲಿ ದವಡೆ ಮೂಳೆಯದೆಂದು ಭಾವಿಸಿ ಲೆಕ್ಕ ಹಾಕಿದಾಗಲೂ ಬಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಇದು ಮಾದರಿಯ ಅಂದಾಜೇ ಹೊರತು ಜೀವಂತ ಪ್ರಾಣಿಯ ಬಾಯಲ್ಲಿ ಅಳೆದದ್ದಲ್ಲ ಎಂಬುದು ನೆನಪಿರಲಿ.

ಆದರೆ ನನ್ನನ್ನು ಕೇಳಿದರೆ ಈ ಅಂಗಾಂಶದ ಸಾಮರ್ಥ್ಯಕ್ಕೆ ಶಾರ್ಕಿಗಿಂತ ಒಳ್ಳೆಯ ಸಾಕ್ಷಿ ಅದರ ಬಂಧುಗಳಾದ ತೊರಕೆ ಮೀನುಗಳು. ರೇ ಎಂಬ ಹೆಸರಿನಿಂದಲೂ ಪರಿಚಿತವಾದ ಈ ಚಪ್ಪಟೆ ಮೀನುಗಳ ಒಂದು ಗುಂಪು ಚಿಪ್ಪುಮೀನುಗಳನ್ನೂ ಶಂಖದ ಹುಳುಗಳನ್ನೂ ಚಿಪ್ಪಿನ ಸಮೇತ ಅರೆದು ತಿನ್ನುತ್ತದೆ. ಕಲ್ಲಿನಂಥ ಚಿಪ್ಪನ್ನು ಮೃದ್ವಸ್ಥಿಯ ದವಡೆಯಿಂದ ಒಡೆಯುವುದೆಂದರೆ ರಬ್ಬರಿನ ಅಡಕತ್ತರಿಯಿಂದ ಅಡಿಕೆ ಕತ್ತರಿಸಿದಂತೆ ಎಂದು ಯಾರಿಗಾದರೂ ಅನ್ನಿಸಬೇಕು. 2000ರಲ್ಲಿ ಆ್ಯಡಮ್ ಸಮ್ಮರ್ಸ್ ಎಂಬ ವಿಜ್ಞಾನಿ ಇಂಥ ತೊರಕೆಗಳ ದವಡೆಯನ್ನು ಪರೀಕ್ಷಿಸಿ ಅದರ ಗುಟ್ಟನ್ನು ವಿವರಿಸಿದರು. ಈ ಮೀನುಗಳ ದವಡೆಯಲ್ಲಿ ಬಿಲ್ಲೆಗಳ ಹಾಸು ಮೇಲ್ಮೈಯಲ್ಲಿ ಮಾತ್ರ ಇರದೆ, ಖನಿಜದ ಕಂಬಗಳು ಒಂದು ಗೋಡೆಯಿಂದ ಎದುರು ಗೋಡೆಗೆ ತಿರುಳನ್ನು ಹಾಯ್ದು ಆತುಕೊಂಡಿರುತ್ತವೆ. ನಮ್ಮ ತೊಡೆಮೂಳೆಯ ತಲೆಯೊಳಗೆ ಕಾಣುವ ಮೂಳೆಯ ಜಾಲರಿಗೂ ಇದಕ್ಕೂ ಹೋಲಿಕೆ ಎದ್ದು ಕಾಣುತ್ತದೆ, ಆದರೆ ಇವೆರಡೂ ಬೇರೆ ಬೇರೆ ದಾರಿಯಲ್ಲಿ ಬಂದು ತಲುಪಿದ ಒಂದೇ ಪರಿಹಾರ. ಅದೇ ತೊರಕೆಗಳ ರೆಕ್ಕೆಯಂಥ ಅಗಲ ಈಜುರೆಕ್ಕೆಗಳಲ್ಲಿ ಬಾಗುವ ಗುಣ ಬೇಕು. ಅಲ್ಲಿನ ಸಣ್ಣ ಕೋಲುಗಳಲ್ಲಿ, ಅಲೆಯ ಹಾಗೆ ರೆಕ್ಕೆಯನ್ನು ಆಡಿಸುವ ಜಾತಿಗಳಲ್ಲಿ, ಬಿಲ್ಲೆಗಳು ಪೂರ್ತಿ ಹೊದಿಕೆಯಾಗದೆ ಸರಪಳಿಯ ಹಾಗೆ ಸಾಲುಗಟ್ಟಿ ಮಾತ್ರ ಇರುತ್ತವೆ. ಒಂದೇ ಸಾಮಗ್ರಿ, ಜೋಡಣೆ ಬೇರೆ. ಆದ್ದರಿಂದ ಗುಣವೂ ಬೇರೆ.

ಬೆನ್ನಿನ ಮಣಿಗಳನ್ನು ಬಿಟ್ಟು ಎಂದು ಮೇಲೆ ಹೇಳಿದ್ದೆ. ಶಾರ್ಕಿನ ಬೆನ್ನುಮೂಳೆ ಎನ್ನಹೊರಟರೆ ಮತ್ತೆ ಮೂಳೆ ಎಂಬ ಪದ ನುಸುಳುತ್ತದೆ, ಆದ್ದರಿಂದ ಕಶೇರುಮಣಿ ಎನ್ನೋಣ. ಇವುಗಳ ನಡುಭಾಗದಲ್ಲಿ ಬಿಲ್ಲೆಗಳಿಲ್ಲ; ಅಲ್ಲಿ ಖನಿಜ ಮರದ ಕಾಂಡದಲ್ಲಿ ಉಂಗುರಗಳು ಬೆಳೆದ ಹಾಗೆ ಸುತ್ತು ಸುತ್ತಾಗಿ ಸೇರುತ್ತ, ಡಮರುಗದ ಆಕಾರದ ಮಣಿಯನ್ನು ರೂಪಿಸುತ್ತದೆ. ಮಣಿಯ ಅಡ್ಡಕೊಯ್ತದಲ್ಲಿ ಕಾಣುವ ಖನಿಜದ ವಿನ್ಯಾಸ ಗುಂಪಿನಿಂದ ಗುಂಪಿಗೆ ಬೇರೆಯಾಗುವುದರಿಂದ 19ನೇ ಶತಮಾನದಲ್ಲಿಯೇ ಅದನ್ನು ಶಾರ್ಕುಗಳ ವರ್ಗೀಕರಣಕ್ಕೆ ಬಳಸಲು ಪ್ರಯತ್ನಿಸಿದ್ದರು. ಹಲವು ಜಾತಿಗಳ ಮಣಿಗಳನ್ನು ಪರೀಕ್ಷಿಸಿದಾಗ ಒಣತೂಕದ ಸುಮಾರು 40ರಿಂದ 55 ಶೇಕಡಾ ಖನಿಜವಿರುವುದೂ, ಅವುಗಳ ಬಿಗುಪು ಮತ್ತು ಬಲ ಸಸ್ತನಿಗಳ ಜಾಲರಿ ಮೂಳೆಯ ಮಟ್ಟಕ್ಕೆ ಬರುವುದೂ ಕಂಡುಬಂದಿದೆ.

ಈ ಉಂಗುರಗಳೇ ಶಾರ್ಕಿನ ವಯಸ್ಸನ್ನು ಲೆಕ್ಕ ಹಾಕಲು ಇರುವ ಮುಖ್ಯ ಆಧಾರ. ಮೂಳೆಮೀನುಗಳ ಕಿವಿಯೊಳಗಿನ ಕಲ್ಲನ್ನು ಕೊಯ್ದು ಉಂಗುರ ಎಣಿಸುವ ಪದ್ಧತಿ ಶಾರ್ಕಿಗೆ ಸಲ್ಲುವುದಿಲ್ಲ, ಏಕೆಂದರೆ ಅಂಥ ಗಟ್ಟಿಕಲ್ಲು ಅದರ ಕಿವಿಯಲ್ಲಿಲ್ಲ. ಆದರೆ ಉಂಗುರವೊಂದಕ್ಕೆ ವರ್ಷವೊಂದು ಎಂದು ಕಣ್ಣುಮುಚ್ಚಿ ನಂಬುವ ಹಾಗೂ ಇಲ್ಲ. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೂ ಕಡಲಿಗೂ ಸೇರಿದ ವಿಕಿರಣಶೀಲ ಇಂಗಾಲದ ಗುರುತನ್ನು ಉಂಗುರಗಳಲ್ಲಿ ಹುಡುಕಿ, ಎಣಿಕೆ ಸರಿಯೇ ಎಂದು ತಾಳೆ ನೋಡುತ್ತಾರೆ. ಈ ವಿಧಾನದಿಂದ 2014ರಲ್ಲಿ ವಾಯವ್ಯ ಅಟ್ಲಾಂಟಿಕ್ಕಿನ ಒಂದು ಗಂಡು ಬಿಳಿ ಶಾರ್ಕಿಗೆ 73 ವರ್ಷ ವಯಸ್ಸಾಗಿತ್ತೆಂದು ತಿಳಿಯಿತು. ಅದಕ್ಕೂ ಮುಂಚೆ ಈ ಜಾತಿಯ ಆಯುಸ್ಸನ್ನು ಇದಕ್ಕಿಂತ ಬಹಳ ಕಡಿಮೆ ಎಂದು ಎಣಿಸಲಾಗಿತ್ತು. ಇನ್ನೊಂದೆಡೆ ಶಾಂತ ಸಾಗರದ ಏಂಜಲ್ ಶಾರ್ಕಿನ ಮಣಿಯ ಉಂಗುರಗಳು ವರ್ಷಕ್ಕಲ್ಲ, ಮೈಯ ಗಾತ್ರಕ್ಕೆ ಹೊಂದಿಕೊಂಡು ಮೂಡುತ್ತವೆ. ಗ್ರೀನ್‌ಲ್ಯಾಂಡ್ ಶಾರ್ಕಿನ ಮಣಿಗಳಲ್ಲಂತೂ ಎಣಿಸಲು ಬೇಕಾದಷ್ಟು ಖನಿಜವೇ ಸೇರುವುದಿಲ್ಲ. ಆದ್ದರಿಂದ 2016ರಲ್ಲಿ ಅದರ ವಯಸ್ಸನ್ನು ಕಣ್ಣಿನ ಮಸೂರದ ತಿರುಳಿನಲ್ಲಿರುವ ಇಂಗಾಲದಿಂದ ಅಂದಾಜು ಮಾಡಬೇಕಾಯಿತು. ಆಗ ಪರೀಕ್ಷಿಸಿದ ಅತಿ ದೊಡ್ಡ ಶಾರ್ಕಿಗೆ ಬಂದ ಅಂದಾಜು 392 ವರ್ಷ, ಅದರಲ್ಲಿ ಹೆಚ್ಚುಕಡಿಮೆ 120 ವರ್ಷಗಳ ವ್ಯತ್ಯಾಸಕ್ಕೆ ಅವಕಾಶವಿಟ್ಟು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಶಾರ್ಕುಗಳು ಮೂಳೆ ಹುಟ್ಟುವುದಕ್ಕೂ ಮುಂಚಿನವು ಎಂಬ ಮಾತು ಬಹಳ ಕಾಲ ಪಠ್ಯಗಳಲ್ಲಿ ಉಳಿದುಕೊಂಡು ಬಂದಿದೆ. ಭ್ರೂಣದಲ್ಲಿ ಮೊದಲು ಮೃದ್ವಸ್ಥಿ, ಆಮೇಲೆ ಮೂಳೆ ಬರುವುದನ್ನು ಕಂಡು, ವಿಕಾಸದಲ್ಲೂ ಹಾಗೆಯೇ ನಡೆದಿರಬೇಕೆಂದು ಊಹಿಸಿದ್ದು ಇದಕ್ಕೆ ಒಂದು ಕಾರಣ. ಪಳೆಯುಳಿಕೆಗಳು ಈ ಊಹೆಯನ್ನು ಒಪ್ಪುವುದಿಲ್ಲ. ದವಡೆಯೇ ಇಲ್ಲದ ಪುರಾತನ ಮೀನುಗಳ ಚರ್ಮದಲ್ಲಿಯೇ 45 ಕೋಟಿ ವರ್ಷಗಳಿಗೂ ಹಿಂದೆ ಮೂಳೆಯ ಕವಚವಿತ್ತು. ದವಡೆಯುಳ್ಳ ಮೊದಲ ಮೀನುಗಳಲ್ಲಿ ಸೇರಿದ ಪ್ಲ್ಯಾಕೊಡರ್ಮ್‌ಗಳ ತಲೆ ಮತ್ತು ಎದೆ ಮೂಳೆಯ ಫಲಕಗಳಿಂದ ಮುಚ್ಚಿದ್ದವು. ಹಾಗಿದ್ದರೂ ಅವುಗಳ ಒಳಗಿನ ಅಸ್ಥಿಪಂಜರದಲ್ಲಿ ಮೂಳೆ ತುಂಬಿರಲಿಲ್ಲ, ಅದು ಮುಂದೆ ಮೂಳೆಮೀನುಗಳ ವಂಶದಲ್ಲಿ ಮಾತ್ರ ಹುಟ್ಟಿತು ಎಂಬ ವಾದಕ್ಕೆ ಎಡೆಯಿತ್ತು. 2020ರಲ್ಲಿ ಮಾರ್ಟಿನ್ ಬ್ರಾಜೋ ಮತ್ತು ಸಂಗಡಿಗರು ಪಶ್ಚಿಮ ಮಂಗೋಲಿಯಾದಲ್ಲಿ ಸಿಕ್ಕ, ಸುಮಾರು 41 ಕೋಟಿ ವರ್ಷ ಹಳೆಯದಾದ ಮಿನ್‌ಜಿನಿಯಾ ಎಂಬ ಪ್ಲ್ಯಾಕೊಡರ್ಮ್ ಮೀನಿನ ಮಿದುಳುಕವಚವನ್ನು ಸ್ಕ್ಯಾನ್ ಮಾಡಿದಾಗ, ಮೃದ್ವಸ್ಥಿಯ ಅಚ್ಚಿನೊಳಗೆ ಬೆಳೆಯುವ ಬಗೆಯ ಜಾಲರಿ ಮೂಳೆಯೇ ಅಲ್ಲಿ ಕಂಡಿತು. ಈ ಮೀನು ಶಾರ್ಕುಗಳ ವಂಶವೂ ಮೂಳೆಮೀನುಗಳ ವಂಶವೂ ಕವಲೊಡೆಯುವುದಕ್ಕೆ ಮುಂಚಿನ ಕೊಂಬೆಗೆ ಸೇರಿದ್ದು. ಅದರಿಂದ ತಿಳಿಯುವುದಿಷ್ಟು: ಶಾರ್ಕುಗಳ ಪೂರ್ವಿಕರಲ್ಲಿ ಮೂಳೆ ಇತ್ತು, ನಡುವೆ ಅವು ಅದನ್ನು ಬಿಟ್ಟುಕೊಟ್ಟವು. ಬಿಲ್ಲೆಗಳ ಹಾಸು ಮೂಳೆಯ ಕಡೆಗೆ ಹೊರಟು ಅರ್ಧದಾರಿಯಲ್ಲಿ ನಿಂತ ಪ್ರಯತ್ನವಲ್ಲ, ಮೂಳೆಯನ್ನು ಬಿಟ್ಟ ವಂಶವೊಂದು ಹೊಸದಾಗಿ ಕಟ್ಟಿಕೊಂಡ ವ್ಯವಸ್ಥೆ. ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ದೊರೆತ, ಸುಮಾರು 40 ಕೋಟಿ ವರ್ಷ ಹಿಂದಿನ ಡೋಲಿಯೋಡಸ್ ಎಂಬ ಆದಿಶಾರ್ಕಿನಲ್ಲಿಯೇ ಬಿಲ್ಲೆಗಳು ಸ್ಪಷ್ಟವಾಗಿ ಕಾಣುತ್ತವೆ. ಇಂದಿನ ಶಾರ್ಕು ಮತ್ತು ತೊರಕೆಗಳೆಲ್ಲ ಅದೇ ಏರ್ಪಾಡನ್ನು ಉಳಿಸಿಕೊಂಡಿವೆ.

ಹಾಗಾದರೆ ಮೂಳೆ ಕೈಬಿಟ್ಟುಹೋದದ್ದು ಹೇಗೆ? ಈ ಪ್ರಶ್ನೆಗೆ ಒಂದು ಸುಳಿವು ವಂಶವಾಹಿಗಳಿಂದ ಬಂದಿತು. 2014ರಲ್ಲಿ ಬೈರಪ್ಪ ವೆಂಕಟೇಶ್ ಅವರ ನೇತೃತ್ವದ ತಂಡ ಆನೆ ಶಾರ್ಕ್ ಎಂಬ ಮೀನಿನ ಇಡೀ ಜೀನೋಮನ್ನು ಪ್ರಕಟಿಸಿತು. ಹೆಸರಿನಲ್ಲಿ ಶಾರ್ಕ್ ಇದ್ದರೂ ಅದು ಶಾರ್ಕುಗಳ ದೂರದ ಬಂಧುಗಳಾದ ಕೈಮೀರಾ ಗುಂಪಿಗೆ ಸೇರಿದ ಮೀನು. ಮೂಳೆಯುಳ್ಳ ಪ್ರಾಣಿಗಳಲ್ಲಿ ಕ್ಯಾಲ್ಸಿಯಂ ಕಟ್ಟಿಕೊಳ್ಳುವ ಪ್ರೋಟೀನುಗಳನ್ನು ತಯಾರಿಸುವ ಜೀನುಗಳ ಒಂದು ಕುಟುಂಬವೇ ಈ ಮೀನಿನಲ್ಲಿ ಕಾಣಲಿಲ್ಲ. ಆ ಕುಟುಂಬದ ಒಂದು ಜೀನನ್ನು ಜೀಬ್ರಾ ಮೀನಿನಲ್ಲಿ ಅಡಗಿಸಿದಾಗ ಅದರ ಮೂಳೆ ಬೆಳೆಯುವುದು ಕುಂಠಿತವಾಯಿತು. ಇದು ಮಹತ್ವದ ಕೆಲಸ. ಆದರೆ ಅದರ ಆಧಾರದ ಮೇಲೆ ಶಾರ್ಕುಗಳಿಗೆ ಖನಿಜ ಕಟ್ಟಲು ಬರುವುದಿಲ್ಲ ಎಂದು ಹೇಳುವವರಿದ್ದಾರೆ, ಅದು ಪೂರ್ತಿ ತಪ್ಪು. ಶಾರ್ಕಿನ ಹಲ್ಲುಗಳಲ್ಲಿ ಡೆಂಟಿನ್ ಎಂಬ ಖನಿಜ ತುಂಬಿದ ಗಟ್ಟಿ ಅಂಗಾಂಶವಿದೆ, ಅದರ ಮೇಲೆ ಎನಾಮೆಲಿನಂಥ ಗಟ್ಟಿ ಲೇಪವಿದೆ. ಮೈಯ ಮೇಲಿನ ಒಂದೊಂದು ಹುರುಪೆಯೂ ರಚನೆಯಲ್ಲಿ ಪುಟ್ಟ ಹಲ್ಲೇ. ಸಾಲದೆಂಬಂತೆ ಕೆಲವು ಶಾರ್ಕ್ ಮತ್ತು ತೊರಕೆಗಳ ಕಶೇರುಮಣಿಯ ಕಮಾನುಗಳ ಮೇಲೆ ಮೂಳೆಯನ್ನೇ ಹೋಲುವ ತೆಳುವಾದ ಪದರವೊಂದನ್ನೂ ಸಂಶೋಧಕರು ವರ್ಣಿಸಿದ್ದಾರೆ. ಖನಿಜ ಕಟ್ಟುವ ಕಲೆ ಅವುಗಳಿಗೆ ಚೆನ್ನಾಗಿಯೇ ಗೊತ್ತು. ಕೈಬಿಟ್ಟದ್ದು ಮೃದ್ವಸ್ಥಿಯ ಜಾಗದಲ್ಲಿ ಮೂಳೆಯನ್ನು ತುಂಬುವ ಹಂತವನ್ನು ಮಾತ್ರ.

ಕೈಮೀರಾಗಳ ಮಾತು ಬಂದದ್ದರಿಂದ ಹೇಳುತ್ತೇನೆ: ಇಂದಿನ ಕೈಮೀರಾಗಳಲ್ಲಿ ಬಿಲ್ಲೆಗಳೇ ಇಲ್ಲವೆಂದು ಬಹಳ ಕಾಲ ನಂಬಲಾಗಿತ್ತು. ಈಚಿನ ಸೂಕ್ಷ್ಮ ಪರೀಕ್ಷೆಗಳಲ್ಲಿ ಅವುಗಳಲ್ಲಿಯೂ ಬಿಲ್ಲೆಯನ್ನು ಹೋಲುವ, ಆದರೆ ಇನ್ನೂ ಚಿಕ್ಕದಾದ, ಅಷ್ಟು ಅಚ್ಚುಕಟ್ಟಲ್ಲದ ಖನಿಜ ಘಟಕಗಳು ಕಂಡಿವೆ.

ಮೂಳೆಯನ್ನು ಬಿಟ್ಟದ್ದರಿಂದ ಲಾಭವೇನು ಎಂದರೆ ಎಲ್ಲರೂ ಮೊದಲು ಹೇಳುವುದು ತೂಕ. ಮೃದ್ವಸ್ಥಿಯ ಸಾಂದ್ರತೆ ಘನಸೆಂಟಿಮೀಟರಿಗೆ ಸುಮಾರು 1.1 ಗ್ರಾಂ, ಗಟ್ಟಿಮೂಳೆಯದು 2 ಗ್ರಾಂ ಆಸುಪಾಸು, ಕಡಲನೀರಿನದು 1.03ಕ್ಕೆ ಹತ್ತಿರ. ಹೆಚ್ಚಿನ ಮೂಳೆಮೀನುಗಳಲ್ಲಿರುವಂಥ ಗಾಳಿಚೀಲ ಶಾರ್ಕಿಗೆ ಇಲ್ಲದ್ದರಿಂದ, ಎಣ್ಣೆ ತುಂಬಿದ ದೊಡ್ಡ ಯಕೃತ್ತು ಮತ್ತು ಹಗುರವಾದ ಅಸ್ಥಿಪಂಜರ ಎರಡೂ ಅದನ್ನು ಮುಳುಗದಂತೆ ಕಾಯಲು ನೆರವಾಗುತ್ತವೆ. ಇದು ನಿಜ. ಆದರೆ ಮೂಳೆಯನ್ನು ಬಿಟ್ಟದ್ದು ಈ ಉದ್ದೇಶಕ್ಕಾಗಿಯೇ ಎಂದು ಹೇಳುವುದಕ್ಕೆ ನಾನು ಹಿಂಜರಿಯುತ್ತೇನೆ. ಇಂದು ಸಿಗುವ ಲಾಭವನ್ನು 40 ಕೋಟಿ ವರ್ಷ ಹಿಂದಿನ ಕಾರಣವೆಂದು ತಿಳಿಯುವುದು ನಮ್ಮ ವಿಜ್ಞಾನದಲ್ಲಿ ಸುಲಭವಾಗಿ ಆಗುವ ತಪ್ಪು.

ನಷ್ಟವೂ ಇದೆ. ಕರಗಿಸಿ ಕಟ್ಟುವ ಕೆಲಸ ನಡೆಯದ, ರಕ್ತನಾಳ ವಿರಳವಾದ ಅಂಗಾಂಶ ಮುರಿದರೆ ಕೂಡುವುದು ಕಷ್ಟ. 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಡಾಗ್‌ಫಿಶ್ ಎಂಬ ಸಣ್ಣ ಶಾರ್ಕಿನ ಈಜುರೆಕ್ಕೆಯ ಮೃದ್ವಸ್ಥಿಯನ್ನು ಕತ್ತರಿಸಿ ಕಾದು ನೋಡಿದಾಗ, ಗಾಯದ ಜಾಗದಲ್ಲಿ ನಾರಿನ ಅಂಗಾಂಶ ತುಂಬಿತೇ ಹೊರತು ಮುರಿದ ತುದಿಗಳು ಮೊದಲಿನಂತೆ ಕೂಡಲಿಲ್ಲ. ಆದರೆ 2020ರಲ್ಲಿ ಸ್ಕೇಟ್ ಎಂಬ ಇನ್ನೊಂದು ಚಪ್ಪಟೆ ಮೀನಿನಲ್ಲಿ ನಡೆದ ಅಧ್ಯಯನ, ಬೆಳೆದ ಮೀನಿನಲ್ಲಿಯೂ ಹೊಸ ಮೃದ್ವಸ್ಥಿಯನ್ನು ಹುಟ್ಟಿಸಬಲ್ಲ ಕೋಶಗಳಿರುವುದನ್ನೂ, ಕೊರೆದ ತೂತಿನಲ್ಲಿ ತಿಂಗಳುಗಟ್ಟಲೆ ಕಾಲದಲ್ಲಿ ಹೊಸ ಮೃದ್ವಸ್ಥಿ ತುಂಬಿಕೊಂಡದ್ದನ್ನೂ ತೋರಿಸಿತು. ತಮ್ಮ ಕೀಲುಗಳ ಮೃದ್ವಸ್ಥಿ ಸವೆದು ನೋವು ಅನುಭವಿಸುವ ನಮ್ಮಂಥವರಿಗೆ ಈ ಎರಡನೆಯ ಅಧ್ಯಯನದಲ್ಲಿ ಆಸಕ್ತಿ ಹುಟ್ಟುವುದು ಸಹಜ. ಹಾಗೆಂದು ಶಾರ್ಕ್ ಮೃದ್ವಸ್ಥಿಯ ಪುಡಿ ಕ್ಯಾನ್ಸರನ್ನು ಗುಣಪಡಿಸುತ್ತದೆ ಎಂಬ ಮಾರಾಟದ ಮಾತನ್ನು ನಂಬಬೇಡಿ. ಮೃದ್ವಸ್ಥಿಯಲ್ಲಿ ರಕ್ತನಾಳ ಬೆಳೆಯುವುದನ್ನು ತಡೆಯುವ ಅಂಶಗಳಿವೆ ಎಂಬ ಪ್ರಯೋಗಾಲಯದ ಸಂಗತಿಯಿಂದ ಆ ಕಥೆ ಹುಟ್ಟಿತು. ಶಾರ್ಕುಗಳಿಗೂ ಗೆಡ್ಡೆಗಳಾಗುತ್ತವೆ, ಮೃದ್ವಸ್ಥಿಯಲ್ಲಿಯೂ ಆಗುತ್ತವೆ, ಮತ್ತು ಶ್ವಾಸಕೋಶದ ಕ್ಯಾನ್ಸರಿನ ರೋಗಿಗಳ ಮೇಲೆ ಶಾರ್ಕ್ ಮೃದ್ವಸ್ಥಿಯ ಸಾರವನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗದಲ್ಲಿ ಅದನ್ನು ತೆಗೆದುಕೊಂಡವರು ಹೆಚ್ಚು ಕಾಲ ಬದುಕಲಿಲ್ಲ.

ಈಗ ನೀವು ಕಂಡ ಆ ದವಡೆಗೆ ಮರಳೋಣ. ಜೀವಂತ ದವಡೆ ಅಷ್ಟು ಬೆಳ್ಳಗೂ ಬಿರುಸಾಗಿಯೂ ಇರುವುದಿಲ್ಲ. ಒಣಗುವಾಗ ನೀರು ತುಂಬಿದ ತಿರುಳು ಕುಗ್ಗಿಹೋಗುತ್ತದೆ, ಬಿಲ್ಲೆಗಳ ಚಿಪ್ಪು ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಆದ್ದರಿಂದಲೇ ಅಜಾಗರೂಕತೆಯಿಂದ ಒಣಗಿಸಿದ ದವಡೆಗಳು ಸೊಟ್ಟಗಾಗುವುದು, ಅವುಗಳನ್ನು ಅಳೆದು ಮೀನಿನ ಗಾತ್ರ ಹೇಳಲು ಹೊರಟರೆ ತಪ್ಪುವುದು. ಮತ್ತೆ ಅಲ್ಲಿಗೆ ಹೋದರೆ, ಅನುಮತಿ ಕೇಳಿ, ಹತ್ತು ಪಟ್ಟು ಹಿಗ್ಗಿಸುವ ಸಣ್ಣ ಭೂತಗನ್ನಡಿಯೊಂದನ್ನು ಹಿಡಿದು, ಹಲ್ಲುಗಳ ಸಾಲಿನಿಂದ ಸ್ವಲ್ಪ ದೂರದಲ್ಲಿ, ಮೇಲಿನ ಪೊರೆ ಸುಲಿದುಹೋದ ಜಾಗವನ್ನು ಹುಡುಕಿ ನೋಡಿ. ಬೆಳಕು ಓರೆಯಾಗಿ ಬೀಳುವಂತೆ ನಿಂತರೆ, ನುಣುಪಾದ ಮೂಳೆಯೆಂದು ತೋರಿದ್ದ ಆ ಮೇಲ್ಮೈ ಸಣ್ಣ ಸಣ್ಣ ಮೂಲೆಗಳ ಬಿಲ್ಲೆಗಳಾಗಿ ಒಡೆದು ಕಾಣುತ್ತದೆ. ಎಲ್ಲಾದರೂ ಅಂಚು ಮುರಿದಿದ್ದರೆ, ಆ ಬಿಲ್ಲೆಗಳ ಪದರ ಎಷ್ಟು ತೆಳುವೆಂಬುದೂ ಅದರ ಕೆಳಗೆ ಒಣಗಿ ಮುದುಡಿದ, ಕಂದುಬಣ್ಣಕ್ಕೆ ತಿರುಗಿದ ತಿರುಳೂ ಅಲ್ಲಿಯೇ ಕಾಣಸಿಗುತ್ತವೆ.